ವಿಳಾಸವಿಲ್ಲದ ಅಂಗಡಿಗೆ ಹಣವೇಕೆ?

ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಕೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗರು ಗದಗಿಗೋ ಹುಬ್ಬಳ್ಳಿಗೋ ಬಸ್ ಹಿಡಿಯಬೇಕಿದ್ದ ಕಾಲವೊಂದಿತ್ತು. ಇಂದು ಅದೇ ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ. ಅವ್ವನಿಗೆ ಮಿಕ್ಸರ್, ಅಪ್ಪನಿಗೆ ಹೊಲಕ್ಕೆ ಔಷಧ ಹೊಡೆಯುವ ಪಂಪ್ ತರಿಸಿಕೊಡುವವರೂ ಕಾಲೇಜಿಗೆ ಹೋಗುವ ನಾವೇ. ಹಾಗಾಗಿ ಮನೆಯವರೆಲ್ಲರ ಹಣದ ಸುರಕ್ಷತೆ ನಮ್ಮ ತಿಳಿವಳಿಕೆಯ ಮೇಲೆ ನಿಂತಿದೆ.

ಬೆಟಗೇರಿಯಲ್ಲಿ ಸೀರೆ ಕೊಳ್ಳುವಾಗ ಬಟ್ಟೆ ಮುಟ್ಟಿ ನೋಡುತ್ತೇವೆ, ಚೌಕಾಶಿ ಮಾಡುತ್ತೇವೆ. ಬಣ್ಣ ಹೋದರೆ ಅದೇ ಅಂಗಡಿಗೆ ಹೋಗಿ ಕೇಳುತ್ತೇವೆ. ಆ ಧೈರ್ಯ ಬರುವುದು ಅಂಗಡಿಗೊಂದು ವಿಳಾಸ ಇರುವುದರಿಂದ. ಮೊಬೈಲ್‌ನಲ್ಲಿ ಮಾತ್ರ ಫೋಟೊ ಮತ್ತು ರಿಯಾಯಿತಿ ನೋಡಿಯೇ ಹಣ ಕಳುಹಿಸುತ್ತೇವೆ.

ಕಾನೂನು ಇಲ್ಲಿಯೂ ವಿಳಾಸ ಕೇಳುತ್ತದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆ ತನ್ನ ಹೆಸರು, ಕಚೇರಿ ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಪ್ರಕಟಿಸಲೇಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಈ ವಿವರಗಳೇ ಇಲ್ಲದ ಜಾಲತಾಣದಿಂದ ದೂರ ಇರುವುದೇ ಲೇಸು. ಬೀಗದ ಚಿಹ್ನೆ ಕಂಡಿತೆಂದು ನಂಬಬೇಡಿ. ನಾವು ಕಳುಹಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದು ಹೇಳುತ್ತದೆ. ಮಾರುವವನು ಪ್ರಾಮಾಣಿಕನೇ ಎಂಬುದನ್ನು ಹೇಳುವುದಿಲ್ಲ.

ಇನ್ನೊಂದು ಬಲೆ ‘ಹಣ ವಾಪಸ್’ ಎಂಬುದು. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ವಂಚಕರದ್ದೇ ಆಗಿರಬಹುದು. ಅವರು ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಿ ಎನ್ನುತ್ತಾರೆ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಮನೆಗಳ ಹಣ ಉಳಿಯುತ್ತದೆ.

ಹಣ ಹೋದ ಮೇಲೆ ಸಮಯವೇ ಮುಖ್ಯ. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ಜಿಗಿಯುತ್ತದೆ. 1930ಕ್ಕೆ ತಕ್ಷಣ ಕರೆ ಮಾಡಿದರೆ ಅದನ್ನು ನಡುದಾರಿಯಲ್ಲೇ ತಡೆಯುವ ಸಾಧ್ಯತೆ ಇದೆ. ಮುಂಡರಗಿಯವರು ಗದಗಿನ ಸೈಬರ್ ಠಾಣೆಗೆ ಹೋಗಲು ಮೊದಲು ಬಸ್ ಕಾಯಬೇಕಿಲ್ಲ, ಕೈಯಲ್ಲಿರುವ ಫೋನೇ ಸಾಕು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ. ಪಿನ್ ನಾವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದೇ, ಆಮೇಲಿನದು ಬ್ಯಾಂಕಿನದು. ಎರಡರಲ್ಲೂ ತಡ ಮಾಡಿದಷ್ಟೂ ನಷ್ಟ.

ಕೆಲಸ ಹುಡುಕುವ ಗೆಳೆಯರಿಗೆ ಇನ್ನೊಂದು ಎಚ್ಚರಿಕೆ. ‘ನಿಮ್ಮ ಖಾತೆ ಕೊಡಿ, ಕಮಿಷನ್ ಕೊಡುತ್ತೇವೆ’ ಎನ್ನುವುದು ಉದ್ಯೋಗವಲ್ಲ. ಕದ್ದ ಹಣ ಹರಿಯುವ ಕಾಲುವೆ ಆ ಖಾತೆ. ತನಿಖೆ ನಡೆದಾಗ ಪೊಲೀಸರು ಮೊದಲು ತಲುಪುವುದು ಖಾತೆದಾರನ ಮನೆಗೆ. ಸರ್ಕಾರಿ ನೌಕರಿಯ ಕನಸು ಕಾಣುವವನಿಗೆ ಒಂದು ಪ್ರಕರಣ ಬಹಳ ದುಬಾರಿ.

ಪ್ರತಿ ವರ್ಷ ನಮ್ಮ ಕಾಲೇಜುಗಳ ಎನ್ಎಸ್ಎಸ್ ಶಿಬಿರಗಳು ಹಳ್ಳಿಗಳಲ್ಲಿ ನಡೆಯುತ್ತವೆ. ಅಲ್ಲಿ ಒಂದು ಸಂಜೆ ಪಿನ್ ಯಾವಾಗ ಬೇಕು, 1930 ಏಕೆ ಬೇಕು ಎಂಬುದನ್ನು ಮನೆ ಮನೆಗೆ ಹೇಳಬಹುದು. ಮೋಸ ಹೋದವರು ನಾಚಿಕೆಯಿಂದ ಸುಮ್ಮನಿದ್ದರೆ ವಂಚಕನಿಗೆ ಅದೇ ಲಾಭ. ಹಾಗಾಗಿ ಮೊದಲು ನಮ್ಮ ಮನೆಯಲ್ಲೇ, ಬೈಯದೆ ಕೇಳುವ ರೂಢಿ ಶುರುವಾಗಲಿ.