ಮೆತ್ತಗಿರುವುದು ತಪ್ಪೇ?

ವೈನ್ ಬಗ್ಗೆ ಮಾತಾಡುವ ಗಂಡಸರಿಗೆ ದ್ರಾಕ್ಷಿಯಲ್ಲೂ ಗಂಡು ಹೆಣ್ಣು ಕಾಣುತ್ತದೆ. ಕ್ಯಾಬರ್ನೆ ಸೊವಿನ್ಯೋ ಗಂಡಂತೆ, ಖಡಕ್ಕು, ಗಂಭೀರ. ಮೆರ್ಲೋ ಹೆಣ್ಣಂತೆ, ಮೆತ್ತಗೆ, ದುಂಡಗೆ, ಬೇಗ ಒಲಿಯುವಂಥದ್ದು. ನೆಂಟರ ಮನೆಯ ಊಟವೊಂದರಲ್ಲಿ ನಮ್ಮ ಭಾವನವರು ನನ್ನ ಮುಂದೆ ಗ್ಲಾಸಿಟ್ಟು, “ತಗೊಳ್ಳಮ್ಮ, ಇದು ಮೆರ್ಲೋ, ಹೆಂಗಸರಿಗೆ ಸರಿಹೋಗತ್ತೆ” ಎಂದರು. ತಮಗೆ ಮಾತ್ರ ‘ಗಂಡು’ ಬಾಟಲಿಯಿಂದ ಬಗ್ಗಿಸಿಕೊಂಡರು.

ವೈನಿನ ಸುದ್ದಿ ನಮಗೇಕೆ ಎಂದು ಮೂಗು ಮುರಿಯಬೇಡಿ. ಕುಡಿಯಿರಿ ಎಂದು ನಾನು ಹೇಳಲು ಹೊರಟಿಲ್ಲ. ನನ್ನ ಜಗಳ ಆ ಮಾತಿನ ಜೊತೆ. ಮೆತ್ತಗಿರುವುದೆಲ್ಲ ಎರಡನೆಯ ದರ್ಜೆ ಎನ್ನುವ ಲೆಕ್ಕ ನಮ್ಮ ಮನೆಗಳಿಗೇನು ಹೊಸದೇ?

ಮೆರ್ಲೋವಿನ ತವರು ಫ್ರಾನ್ಸಿನ ಬೋರ್ಡೋ ಸೀಮೆ. ಅಲ್ಲಿ ಗರೋನ್ ಮತ್ತು ಡೋರ್ಡೋನ್ ಎಂಬ ಎರಡು ನದಿಗಳು ಕೂಡಿ ಝಿರೋಂಡ್ ಎನಿಸಿ ಕಡಲು ಸೇರುತ್ತವೆ. ಎಡದಂಡೆಯ ಮೆಡಾಕ್‌ನಲ್ಲಿ ಬಿಸಿಲಿಗೆ ಬೇಗ ಕಾಯುವ ಗರಸು ನೆಲ; ಅಲ್ಲಿ ಕ್ಯಾಬರ್ನೆಯದೇ ದರ್ಬಾರು. ಬಲದಂಡೆಯ ಪೊಮೆರೋಲ್, ಸೇಂಟ್ ಎಮಿಲಿಯನ್‌ಗಳಲ್ಲಿ ಹೆಚ್ಚಾಗಿ ಜೇಡಿ ಮತ್ತು ಸುಣ್ಣಕಲ್ಲಿನ ನೆಲ. ಜೇಡಿ ತಂಪು ಹಿಡಿದುಕೊಳ್ಳುತ್ತದೆ. ಆ ತಂಪಿನಲ್ಲಿ ನಿಧಾನವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋ ಎಷ್ಟೋ ವರ್ಷ ಹಣ್ಣೇ ಆಗದೆ ಒಗರಾಗಿ ಉಳಿಯುತ್ತದೆ. ಅದೇ ನೆಲದಲ್ಲಿ ಹೊಂದಿಕೊಂಡು, ಅದಕ್ಕಿಂತ ಮುಂಚೆ ಹಣ್ಣಾಗುವುದು ಈ ‘ಮೆತ್ತನೆಯ’ ಮೆರ್ಲೋ. ಬೇಗ ಚಿಗುರುವುದರಿಂದ ವಸಂತದ ಹಿಮಕ್ಕೆ ಮೊದಲು ಸಿಕ್ಕಿಕೊಳ್ಳುವುದೂ ಅದೇ. ಇದಕ್ಕೆ ದುರ್ಬಲ ಎನ್ನುತ್ತೀರಾ?

ಅಲ್ಲಿನ ಮಿಶ್ರಣದ ಹದ ನೋಡಿ. ಮುಕ್ಕಾಲು ಪಾಲಿನಷ್ಟು ಮೆರ್ಲೋ ಇದ್ದರೆ ಉಳಿದದ್ದು ಸಾಮಾನ್ಯವಾಗಿ ಕ್ಯಾಬರ್ನೆ ಫ್ರಾಂ. ಮೆರ್ಲೋ ಮೈ ಕೊಡುತ್ತದೆ, ಕಪ್ಪು ಚೆರಿ, ಪ್ಲಮ್ ಹಣ್ಣಿನ ರುಚಿ ಕೊಡುತ್ತದೆ; ಫ್ರಾಂ ಪರಿಮಳ ಕೊಟ್ಟು ನೆಟ್ಟಗೆ ನಿಲ್ಲಿಸುತ್ತದೆ. ಒಗರು ಇಲ್ಲದೆ ಇಲ್ಲ, ನಾಲಿಗೆಯನ್ನು ಕಚ್ಚುವುದಿಲ್ಲ ಅಷ್ಟೆ. ಒಳ್ಳೆಯ ವರ್ಷದ್ದು ದಶಕಗಟ್ಟಲೆ ಬಾಳುತ್ತದೆ.

ಆದರೂ 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ಬೋರ್ಡೋ ದಲ್ಲಾಳಿಗಳು ಶ್ರೇಷ್ಠ ವೈನುಗಳ ಪಟ್ಟಿ ಬರೆದಾಗ ಬಲದಂಡೆಯ ಒಂದು ತೋಟವನ್ನೂ ಸೇರಿಸಲಿಲ್ಲ. ಸೇಂಟ್ ಎಮಿಲಿಯನ್ ತನ್ನದೇ ಪಟ್ಟಿ ಪಡೆಯಲು 1955 ಬರಬೇಕಾಯಿತು. ಪೊಮೆರೋಲ್‌ಗೆ ಇವತ್ತಿಗೂ ಸರಕಾರಿ ಶ್ರೇಣಿಯಿಲ್ಲ. ಆ ಪೊಮೆರೋಲ್‌ನ ಪೆಟ್ರೂಸ್ ತೋಟ ಬರೀ ಇಪ್ಪತ್ತೆಂಟು ಎಕರೆಯಷ್ಟು; ಬೆಳೆ ಮೆರ್ಲೋ. ಅದರ ಒಂದು ಬಾಟಲಿಗೆ ಈಗ ಲಕ್ಷಗಟ್ಟಲೆ ರೂಪಾಯಿ!

ಆ ತೋಟವನ್ನು ಎತ್ತರಕ್ಕೆ ತಂದವರಲ್ಲಿ ಮೊದಲ ಹೆಸರು ಮದಾಂ ಲೂಬಾ ಎಂಬ ಹೆಂಗಸಿನದು. 1956ರ ಫೆಬ್ರವರಿಯ ಕಡುಚಳಿಗೆ ಬಲದಂಡೆಯ ಬಳ್ಳಿಗಳು ಸುಟ್ಟುಹೋದವು. ಸುತ್ತಲಿನವರು ಕಿತ್ತು ಹೊಸದು ನೆಟ್ಟರೆ, ಈಕೆ ಬೇರಿನಲ್ಲಿ ಜೀವ ಉಳಿದಿದೆಯೆಂದು ನಂಬಿ ಹಳೆಯ ಬುಡವನ್ನೇ ಚಿಗುರಿಸಿದರು. ಮೆತ್ತನೆಯ ಕೆಲಸವೇ ಅದು?

ಇನ್ನೊಂದು ಸಂಗತಿ ಕೇಳಿ. ಮೆರ್ಲೋವಿನ ತಂದೆ ಕ್ಯಾಬರ್ನೆ ಫ್ರಾಂ ಎಂದು 1990ರ ದಶಕದ ಕೊನೆಗೇ ಗೊತ್ತಾಯಿತು. ಕ್ಯಾಬರ್ನೆ ಸೊವಿನ್ಯೋ ಕೂಡ ಅದೇ ಫ್ರಾಂನ ಸಂತಾನ. ಎಂದರೆ ಆ ‘ಗಂಡು’, ಈ ‘ಹೆಣ್ಣು’ ಒಡಹುಟ್ಟುಗಳೇ. ಮೆರ್ಲೋವಿನ ತಾಯಿ ಯಾರೆಂದು ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಆ ತಾಯಿ ಬಳ್ಳಿ ಸಿಕ್ಕಿದ್ದೆಲ್ಲಿ? 1996ರಲ್ಲಿ ಬ್ರಿಟನಿಯ ಒಂದು ಪಾಳುಬಿದ್ದ ತೋಟದಲ್ಲಿ. ಆಮೇಲೆ ಶರಾಂತ್ ಕಡೆಯ ಹಳ್ಳಿಗಳಲ್ಲಿ, ಮನೆಗಳ ಮುಂದೆ ಅಂದಕ್ಕೆ ಹಬ್ಬಿಸಿದ ಬಳ್ಳಿಯಾಗಿ. ದ್ರಾಕ್ಷಿಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಹೆಸರೂ ಇರಲಿಲ್ಲ. ಹೆತ್ತವಳು ಬಾಗಿಲಲ್ಲೇ ನಿಂತಿದ್ದಳು, ಕೇಳಿದವರಿಲ್ಲ.

ಮೆತ್ತಗಿದ್ದವರಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ನಮ್ಮಲ್ಲೂ ಇದೆ. ಗುದ್ದು ತಿಂದವರ ಬಗ್ಗೆ ಬೇಕಾದಷ್ಟು ಹೇಳಿದ್ದಾಯಿತು, ಗುದ್ದುವ ಕೈಯ ಬಗ್ಗೆ ಹೇಳುವುದು ಯಾವಾಗ? ದ್ರಾಕ್ಷಿಗೆ ಗಂಡು ಹೆಣ್ಣೆಂದು ಹೆಸರಿಟ್ಟದ್ದು ಮಣ್ಣಲ್ಲ, ಮನುಷ್ಯ. ಇನ್ನು ಮುಂದೆ ಯಾರಾದರೂ ‘ಇದು ಹೆಂಗಸರದ್ದು, ಮೆತ್ತಗಿದೆ’ ಎಂದರೆ, ಅದು ವೈನಾಗಲಿ, ಕೆಲಸವಾಗಲಿ, ಬರವಣಿಗೆಯಾಗಲಿ, ನೀವು ಒಂದೇ ಮಾತು ಕೇಳಿ: ತಂಪು ನೆಲದಲ್ಲಿ ನಿಮ್ಮದು ಹಣ್ಣಾಗುತ್ತದೆಯೇ?