ಹುಣಸೆಯ ನೆರಳಲ್ಲಿ ಕೊರಲೆ, ಮುಗಿಲ ಕೆಳಗೆ ಶೇಂಗಾ

ಪಾವಗಡ, ಶಿರಾ, ಮಧುಗಿರಿಯ ಕೆಮ್ಮಣ್ಣಿನ ಹೊಲಗಳಲ್ಲಿ ಶೇಂಗಾ ಬಿತ್ತುವುದೆಂದರೆ ಮುಗಿಲಿನೊಡನೆ ಜೂಜಾಡಿದಂತೆ. ಹೂವು ಬಾಡಿದ ಮೇಲೆ ಸೂಜಿಯಂಥ ಕುಡಿ ಮಣ್ಣಿಗೆ ಇಳಿದರಷ್ಟೇ ಕಾಯಿ. ಆ ಎರಡು ಮೂರು ವಾರ ಮಳೆ ಕೈಕೊಟ್ಟು ನೆಲ ಬಿಗಿದರೆ, ಮೇಲೆ ಹಸಿರು ಕಂಡರೂ ಗಿಡ ಕಿತ್ತಾಗ ಸಿಗುವುದು ಜೊಳ್ಳು. ಆಮೇಲೆ ಹಸ್ತ, ಚಿತ್ತೆ ಸುರಿದು ‘ವಾಡಿಕೆ ಮಳೆ’ಯ ಲೆಕ್ಕ ಸರಿಹೋಗುತ್ತದೆ. ರೈತನ ಲೆಕ್ಕ ಸರಿಹೋಗುವುದಿಲ್ಲ.

ಹವಾಮಾನ ಬದಲಾವಣೆ ಇಲ್ಲಿ ಕಾಣಿಸುವುದು ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಹೊತ್ತುಗೊತ್ತಿನಲ್ಲಿ. 2021ರ ನವೆಂಬರ್‌ನ ಅಕಾಲ ಮಳೆಗೆ ರಾಜ್ಯದ ಹಲವೆಡೆ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿದ್ದೂ ಅದೇ 2023ನ್ನು!

ಆ ಸಿರಿಧಾನ್ಯಗಳಲ್ಲಿ ಒಂದು, ಕೊರಲೆ, ಈ ತಾಲ್ಲೂಕುಗಳದ್ದೇ ಕೂಸು. ಬಿತ್ತಿದ ಎಪ್ಪತ್ತೈದು, ಎಂಬತ್ತು ದಿನಕ್ಕೆ ಕೊಯ್ಲು. ಮುಂಗಾರು ತಡವಾದರೂ ಬಿತ್ತಬಹುದು. ಬೇರೆ ಪೈರು ಏಳದ ಹುಣಸೆ ಮರದ ನೆರಳಿನಲ್ಲೂ ಬರುತ್ತದೆ. ಹುಲ್ಲು ಕುರಿ, ದನಕ್ಕೆ ಮೇವು. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಇದೇ ಕಾಳನ್ನು ಬೇಟೆಯ ಹಕ್ಕಿಗಳನ್ನು ಸೆಳೆಯಲೆಂದು ಬೆಳೆಯುತ್ತಾರೆ. ಇಲ್ಲಿ ಅದು ಅನ್ನವಾಗಿತ್ತು, ಹಿಟ್ಟಾಗಿತ್ತು. ಊಟದಿಂದ ಮರೆಯಾದದ್ದಕ್ಕೆ ಒಂದು ಕಾರಣ ಒನಕೆ: ಕೊರಲೆಯ ಸಿಪ್ಪೆ ಬಲು ಗಟ್ಟಿ, ಕುಟ್ಟುವ ಪಾಡು ಹೆಂಗಸರದು. ಪಡಿತರದ ಅಕ್ಕಿ ಬಂದ ಮೇಲೆ ಆ ಪಾಡು ಯಾರಿಗೆ ಬೇಕು?

ಕೊರಲೆ ಶೇಂಗಾದಂತೆ ಕೈಗೆ ಕಾಸು ತರುವ ಬೆಳೆಯಲ್ಲ, ನಿಜ. ಆದರೆ ಶೇಂಗಾ ಕೈಬಿಟ್ಟ ವರ್ಷ ಮನೆಯ ಗಡಿಗೆ ಬರಿದಾಗದಂತೆ ನೋಡಿಕೊಳ್ಳಬಲ್ಲದು. ಆಹಾರ ಭದ್ರತೆ ಎಂದರೆ ಮೊದಲು ಅದೇ ಅಲ್ಲವೇ?

ಸರ್ಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. ಹವಾಮಾನ ತಾಳಿಕೆಯ ಕೃಷಿಗಾಗಿ 2011ರಲ್ಲಿ ಶುರುವಾದ ಕೇಂದ್ರದ ‘ನಿಕ್ರಾ’ ಯೋಜನೆಯಡಿ ಕೊರಟಗೆರೆಯ ಡಿ. ನಾಗೇನಹಳ್ಳಿಯಲ್ಲಿ ಅಲ್ಪಾವಧಿ ರಾಗಿ, ಕೃಷಿಹೊಂಡಗಳ ಪ್ರಯೋಗ ನಡೆದಿದೆ. ‘ರೈತಸಿರಿ’ ಯೋಜನೆ ಕಿರುಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಘೋಷಿಸಿತು. ಆದರೆ ಬಿತ್ತಲು ಕೊಟ್ಟ ಹಣ ಮಾರುವ ದಿನ ಕಾಯುವುದಿಲ್ಲ. 2025–26ಕ್ಕೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ, ಶೇಂಗಾಕ್ಕೆ 7,263 ರೂಪಾಯಿ ಬೆಂಬಲ ಬೆಲೆ ಇದೆ. ಕೇಂದ್ರದ ಆ ಪಟ್ಟಿಯಲ್ಲಿ ಕೊರಲೆಯ ಹೆಸರೇ ಇಲ್ಲ. ಅತ್ತ ಪಾವಗಡದ ತಿರುಮಣಿ ಸುತ್ತ 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬಿಸಿಲಿಗೆ ಸಿಕ್ಕ ಖಾತರಿ ಕಾಳಿಗೆ ಸಿಗದಿದ್ದರೆ ನೇಗಿಲು ಹಿಡಿಯುವವರಾದರೂ ಯಾರು?

ರಾಗಿ ಖರೀದಿ ಕೇಂದ್ರದಲ್ಲಿ ಕೊರಲೆಗೂ ಒಂದು ತಕ್ಕಡಿ ಇಡಲಿ. ಹೋಬಳಿಗೊಂದು ಸಿಪ್ಪೆ ಬಿಡಿಸುವ ಯಂತ್ರ ಕೊಡಲಿ. ಕೊಂಡ ಕಾಳು ದೂರ ಹೋಗುವುದೂ ಬೇಡ, ಇದೇ ತಾಲ್ಲೂಕುಗಳ ವಿದ್ಯಾರ್ಥಿನಿಲಯಗಳ ತಟ್ಟೆಗೆ ಬರಲಿ.