ಗ್ಯಾರಂಟಿ ಎಲ್ಲರದು, ಬಿಲ್ ಮಾತ್ರ ಕೇರಿಯ ಹೆಸರಿಗಾ?



ಪೋಸ್ಟ್ ಸ್ವಲ್ಪ ಉದ್ದ ಇದೆ. ಲೈಕ್ ಒತ್ತಿ ಮುಂದೆ ಹೋಗಬೇಡಿ, ಪೂರ್ತಿ ಓದಿ. ಇದು ನಮ್ಮ ದುಡ್ಡಿನ ಮಾತು, ನಮ್ಮ ಮಕ್ಕಳ ಹಾಸ್ಟೆಲಿನ ಮಾತು, ಬಾಬಾಸಾಹೇಬರು ಬರೆದಿಟ್ಟ 46ನೇ ವಿಧಿಯ ಮಾತು.

ಮೊದಲು ಒಂದು ಸರಳ ಲೆಕ್ಕ. ಒಂದು ಊರು ಅಂತ ಇಟ್ಕೊಳ್ಳಿ. ಊರೊಳಗಿನ ಒಬ್ಬ ಹೆಣ್ಣುಮಗಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತೆ. ಕೇರಿಯ ನಮ್ಮಕ್ಕನಿಗೂ 2,000 ಬರುತ್ತೆ. ಇಬ್ಬರಿಗೂ ಒಂದೇ ಅರ್ಜಿ, ಒಂದೇ ನಿಯಮ, ಒಂದೇ ಮೊತ್ತ. ಸರಿ, ಸಂತೋಷ. ಆದರೆ ದುಡ್ಡು ಎಲ್ಲಿಂದ ಬಂತು ನೋಡಿ. ಊರಿನವಳ 2,000 ರಾಜ್ಯದ ಸಾಮಾನ್ಯ ಬೊಕ್ಕಸದಿಂದ. ಕೇರಿಯವಳ 2,000 ಪರಿಶಿಷ್ಟ ಜಾತಿ ಉಪಯೋಜನೆಯಿಂದ, ಅಂದರೆ ಅವಳ ಮಗಳ ಹಾಸ್ಟೆಲಿಗೆ, ಅವಳ ಗಂಡನ ಗಂಗಾಕಲ್ಯಾಣದ ಬೋರ್‌ವೆಲ್ಲಿಗೆ, ಅವಳ ಕೇರಿಗೆ ಅಂತ ಎತ್ತಿಟ್ಟ ದುಡ್ಡಿನಿಂದ. ನಮ್ಮಕ್ಕನ ಕೈಗೆ ಕೊಟ್ಟಿದ್ದನ್ನು ನಮ್ಮಕ್ಕನ ಗಂಟಿನಿಂದಲೇ ಬಿಚ್ಚಿ ಕೊಟ್ಟಿದ್ದಾರೆ. ಮೇಲೆ ಫ್ಲೆಕ್ಸ್ ಬೇರೆ ಹಾಕಿಸಿಕೊಂಡಿದ್ದಾರೆ.

ಇದು ನಾನು ಕಟ್ಟಿದ ಕತೆಯಲ್ಲ. 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ 11,144 ಕೋಟಿ ರೂಪಾಯಿಯನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. 2024-25ರಲ್ಲಿ 14,282 ಕೋಟಿ. ಆ ವರ್ಷದ ಉಪಯೋಜನೆಯ ಒಟ್ಟು ಗಾತ್ರ 39,121 ಕೋಟಿ. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಎರಡೂ ವರ್ಷ ಕೂಡಿಸಿದರೆ 25,426 ಕೋಟಿ.

ಈಗ ಸಂವಿಧಾನಕ್ಕೆ ಬರೋಣ. 4ನೇ ಭಾಗ, 36ರಿಂದ 51ನೇ ವಿಧಿವರೆಗೆ, ರಾಜ್ಯ ನೀತಿ ನಿರ್ದೇಶಕ ತತ್ವಗಳು. ನಮ್ಮ ಸಭೆಗಳಲ್ಲಿ 14, 15, 16, 17 ಎಲ್ಲರ ಬಾಯಲ್ಲೂ ಬರುತ್ತೆ, ಈ 4ನೇ ಭಾಗವನ್ನು ಯಾರೂ ಬಿಚ್ಚಲ್ಲ. "ಕೋರ್ಟಲ್ಲಿ ಕೇಳಕ್ಕಾಗಲ್ವಲ್ಲ, ಅದರಿಂದೇನು ಪ್ರಯೋಜನ" ಅಂತಾರೆ. 37ನೇ ವಿಧಿಯಲ್ಲಿ ಆ ಮಾತು ಇರೋದು ನಿಜ. ಆದರೆ ಅದೇ ವಿಧಿ ಇನ್ನೂ ಎರಡು ಮಾತು ಹೇಳುತ್ತೆ: ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದವು, ಕಾನೂನು ಮಾಡುವಾಗ ಇವನ್ನು ಅನ್ವಯಿಸುವುದು ರಾಜ್ಯದ ಕರ್ತವ್ಯ. ಅರ್ಧ ವಿಧಿ ಓದಿ ಪುಸ್ತಕ ಮುಚ್ಚೋದನ್ನ ನಿಲ್ಲಿಸೋಣ.

ಸಂವಿಧಾನ ಸಭೆಯಲ್ಲೇ ಈ ಜಗಳ ನಡೆದಿತ್ತು. ಪ್ರೊ. ಕೆ.ಟಿ. ಶಾ ಇದನ್ನು, ಬ್ಯಾಂಕಿಗೆ ಅನುಕೂಲವಾದಾಗ ಮಾತ್ರ ಹಣ ಸಿಗುವ ಚೆಕ್ಕಿಗೆ ಹೋಲಿಸಿದರು. ಇಂಥ ಟೀಕೆಗೆ ಬಾಬಾಸಾಹೇಬರು ಅದಕ್ಕೂ ಮುಂಚೆಯೇ, 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗಲೇ, ಉತ್ತರ ಕೊಟ್ಟಿದ್ದರು. ಯಾರೇ ಅಧಿಕಾರ ಹಿಡಿಯಲಿ, ತಮಗಿಷ್ಟ ಬಂದ ಹಾಗೆ ಆಳಲು ಆಗಲ್ಲ, ಈ ನಿರ್ದೇಶನಗಳನ್ನು ಗೌರವಿಸಲೇಬೇಕು. ಮುರಿದರೆ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗದೇ ಇರಬಹುದು, ಚುನಾವಣೆಯಲ್ಲಿ ಮತದಾರರ ಮುಂದೆ ಕೊಡಲೇಬೇಕು. ಇದು ಅವರ ಮಾತಿನ ಸಾರ. ಅಂದರೆ ಈ ಭಾಗದ ಕಾವಲುಗಾರರು ನಾವು, ನೀವು. ನಾವು ಕೇಳದಿದ್ದರೆ ಇನ್ಯಾರೂ ಕೇಳಲ್ಲ.

ಈ 4ನೇ ಭಾಗದಲ್ಲಿ ಎರಡು ಥರದ ಮಾತುಗಳಿವೆ, ನನ್ನ ವಾದ ಪೂರಾ ಇದರ ಮೇಲೆ ನಿಂತಿದೆ. ಒಂದು, ಎಲ್ಲ ಜನರಿಗೂ ಸೇರಿದ್ದು. ಅಸಮಾನತೆ ಕಡಿಮೆ ಮಾಡಬೇಕು (38), ಬದುಕಲು ಸಾಕಷ್ಟು ಮಾರ್ಗ ಎಲ್ಲರಿಗೂ ಇರಬೇಕು (39), ನಿರುದ್ಯೋಗ, ಮುಪ್ಪು, ಕಾಯಿಲೆಯಲ್ಲಿ ನೆರವು ಸಿಗಬೇಕು (41), ಜನರ ಪೌಷ್ಟಿಕತೆಯ ಮಟ್ಟ ಏರಿಸಬೇಕು (47). ಅನ್ನಭಾಗ್ಯ, ಯುವನಿಧಿ, ಗೃಹಲಕ್ಷ್ಮಿ ಎಲ್ಲ ಈ ಮನೆಯ ಮಕ್ಕಳು. ಇವನ್ನು "ಬಿಟ್ಟಿ ಭಾಗ್ಯ" ಅಂತ ಹಂಗಿಸೋರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಹಸಿದವರಿಗೆ ಅಕ್ಕಿ ಕೊಡೋದು ಬಿಟ್ಟಿ ಅಲ್ಲ, ರಾಜ್ಯದ ಕರ್ತವ್ಯ.

ಎರಡನೆಯದು 46ನೇ ವಿಧಿ. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಶೈಕ್ಷಣಿಕ, ಆರ್ಥಿಕ ಹಿತವನ್ನು ವಿಶೇಷ ಕಾಳಜಿಯಿಂದ ಮುಂದೆ ತರಬೇಕು, ಸಾಮಾಜಿಕ ಅನ್ಯಾಯದಿಂದ, ಎಲ್ಲ ಬಗೆಯ ಶೋಷಣೆಯಿಂದ ಕಾಪಾಡಬೇಕು ಅನ್ನುತ್ತೆ ಅದು. ಆ "ವಿಶೇಷ" ಅನ್ನೋ ಪದವನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಎಲ್ಲರಿಗೂ ಸಿಗೋದು ನಮಗೂ ಸಿಗಬೇಕು, ಅದು ಪೌರತ್ವ. ಅದರ ಮೇಲೆ ಇನ್ನಷ್ಟು ಸಿಗಬೇಕು, ಯಾಕಂದ್ರೆ ಸಾವಿರಾರು ವರ್ಷ ನಮಗೆ ಭೂಮಿ, ಅಕ್ಷರ, ನೀರು ಮೂರನ್ನೂ ತಪ್ಪಿಸಲಾಗಿದೆ. ಇದು 46. ಮೊದಲನೆಯದರ ಖರ್ಚನ್ನು ಎರಡನೆಯದರಲ್ಲಿ ತೋರಿಸಿದರೆ ವಿಶೇಷ ಅನ್ನೋದು ಎಲ್ಲಿ ಉಳೀತು?

46ನೇ ವಿಧಿ ನಿಜವಾಗಿ ಕೆಲಸ ಮಾಡಿದರೆ ಹೇಗಿರುತ್ತೆ ಅಂತ ನಮ್ಮ ರಾಜ್ಯವೇ ತೋರಿಸಿದೆ. ದೇವರಾಜ ಅರಸು ಕಾಲದ 1978ರ ಪಿಟಿಸಿಎಲ್ ಕಾಯ್ದೆ ನೋಡಿ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನು ಸಾಲಕ್ಕೋ ಸಾರಾಯಿಗೋ ಬರೆಸಿಕೊಂಡವರ ಕೈಯಿಂದ ಬಿಡಿಸಿ ವಾಪಸ್ ಕೊಡಿಸುವ ಕಾನೂನು. 1984ರಲ್ಲಿ ಸುಪ್ರೀಂ ಕೋರ್ಟ್ ಮಂಚೇಗೌಡ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. 2017ರ ಇನ್ನೊಂದು ತೀರ್ಪಿನಲ್ಲಿ, ನ್ಯಾಯಯುತ ಕಾಲಮಿತಿಯೊಳಗೆ ಅರ್ಜಿ ಹಾಕಬೇಕಿತ್ತು ಅಂದಮೇಲೆ ಎಷ್ಟೋ ಕುಟುಂಬಗಳ ಕೇಸು ಬಿದ್ದುಹೋದವು. ಹೋರಾಟದ ಒತ್ತಡಕ್ಕೆ 2023ರಲ್ಲಿ ಕಾಲಮಿತಿಯ ಅಡ್ಡಿ ತೆಗೆಯುವ ತಿದ್ದುಪಡಿ ಬಂತು. ಆ ತಿದ್ದುಪಡಿ ತಂದದ್ದೂ ಇದೇ ಸರ್ಕಾರ. ಒಳ್ಳೆಯದು ಮಾಡಿದಾಗ ಒಳ್ಳೆಯದು ಅಂತೀವಿ. ಅದಕ್ಕೇ ಈಗ ಪ್ರಶ್ನೆ ಕೇಳೋ ಹಕ್ಕೂ ಇದೆ.

ಉಪಯೋಜನೆಯದೂ ಇದೇ ದಾರಿ. ಬುಡಕಟ್ಟು ಉಪಯೋಜನೆ, ವಿಶೇಷ ಘಟಕ ಯೋಜನೆ ಅಂತ 1970ರ ದಶಕದಲ್ಲಿ ಶುರುವಾಗಿದ್ದು ದಶಕಗಳ ಕಾಲ ಬರೀ ಸುತ್ತೋಲೆಯ ಮೇಲೆ ನಡೀತು. 2013ರಲ್ಲಿ ಕರ್ನಾಟಕ ಅದನ್ನು ಕಾಯ್ದೆ ಮಾಡಿತು, ಆಂಧ್ರದ ನಂತರ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ. 17.15, ಪರಿಶಿಷ್ಟ ಪಂಗಡ ಶೇ. 6.95, ಒಟ್ಟು ಶೇ. 24.1. ಅಷ್ಟು ಪಾಲು ಅಭಿವೃದ್ಧಿ ಹಣ ಎತ್ತಿಡಬೇಕು ಅನ್ನೋದು ಈಗ ಯಾರದೋ ಔದಾರ್ಯ ಅಲ್ಲ, ಕಾನೂನು. ಕೋರ್ಟಲ್ಲಿ ಕೇಳಕ್ಕಾಗದ ತತ್ವಕ್ಕೆ ಕೈಕಾಲು ಬಂದದ್ದು ಹೀಗೆ.

ಆದರೆ ಆ ಕಾಯ್ದೆಯ ಹೊಟ್ಟೆಯೊಳಗೇ ಒಂದು ತೂತು ಇತ್ತು, 7(ಡಿ). ರಸ್ತೆ, ಸೇತುವೆಯಂಥ ಕಾಮಗಾರಿಯ ಒಂದು ಭಾಗವನ್ನು ನಮಗೇ ಖರ್ಚಾಯ್ತು ಅಂತ "ಭಾವಿಸಬಹುದು". ಭಾವಿಸೋದು ಅಂದ್ರೆ ಏನ್ರಪ್ಪಾ? ನಾನು ಒಬ್ಬ ಗುಮಾಸ್ತ, ದಿನಾ ವೋಚರ್ ನೋಡೋನು. ನಮ್ಮ ಕೆಲಸದಲ್ಲಿ "ಖರ್ಚಾಯ್ತು ಅಂತ ಭಾವಿಸಿದೆ ಸಾರ್" ಅಂದರೆ ಆಡಿಟ್‌ನವರು ಮೆಮೋ ಕೊಟ್ಟು ಮನೆಗೆ ಕಳಿಸ್ತಾರೆ. ಸರ್ಕಾರ ಮಾತ್ರ ಹತ್ತು ವರ್ಷ ಭಾವಿಸ್ತಾ ಕೂತಿತ್ತು. ಆ ಹತ್ತು ವರ್ಷದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಕುರ್ಚಿ ಮೇಲೆ ಕೂತಿದ್ದವು. ಈಗ ವಿರೋಧ ಪಕ್ಷದಲ್ಲಿ ನಿಂತು ದಲಿತರ ಹಣ ಅಂತ ಕಣ್ಣೀರು ಹಾಕೋರು ಆಗ ಯಾಕೆ ತೂತು ಮುಚ್ಚಲಿಲ್ಲ? 2023ರಲ್ಲಿ 7(ಡಿ) ರದ್ದಾಯ್ತು, ನಾವೆಲ್ಲ ಖುಷಿಪಟ್ಟು ಸಿಹಿ ಹಂಚಿದ್ವಿ. ಅದೇ ವರ್ಷ 7(ಸಿ) ಬಾಗಿಲಿಂದ 11,144 ಕೋಟಿ ಹೊರಗೆ ಹೋಯ್ತು. ಸಾಮಾನ್ಯ ಯೋಜನೆಯಲ್ಲಿ ಪರಿಶಿಷ್ಟರಿಗೆ ತಲುಪುವ ಪಾಲನ್ನು ಉಪಯೋಜನೆಯಲ್ಲಿ ತೋರಿಸಬಹುದು ಅನ್ನೋ ಕಲಂ ಅದು.

ಸರ್ಕಾರದ ಉತ್ತರ ಏನು? "ಪರಿಶಿಷ್ಟ ಫಲಾನುಭವಿಗಳಿಗೆ ಹೋದಷ್ಟನ್ನೇ ತೋರಿಸಿದ್ದೀವಿ, ಬೇರೆಯವರಿಗೆ ಒಂದು ರೂಪಾಯಿ ಹೋಗಿಲ್ಲ." ಇರಲಿ, ಒಪ್ಪೋಣ. ಹಾಗಾದರೂ ಕೇಳ್ತೀನಿ. ಉಪಯೋಜನೆ ಇರೋದು ಊರಿಗೂ ಕೇರಿಗೂ ಇರೋ ಅಂತರ ತುಂಬೋಕೆ. ಇಬ್ಬರಿಗೂ ತಿಂಗಳಿಗೆ 2,000 ಕೊಟ್ಟರೆ ಅಂತರ ಎಷ್ಟು ಕಮ್ಮಿಯಾಯ್ತು? ಸೊನ್ನೆ. ಜೊತೆಗೆ ಕೇರಿಗೆ ಬರಬೇಕಿದ್ದ ಬೋರ್‌ವೆಲ್ ಬರಲಿಲ್ಲ ಅಂದ್ರೆ ಅಂತರ ಜಾಸ್ತಿನೇ ಆಯ್ತು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲಿ ಜಾತಿ ಕಾಲಂ ಇಲ್ಲ, ಕಂಡಕ್ಟರ್ ಜಾತಿ ಕೇಳಲ್ಲ, ಕೇಳಲೂಬಾರದು. ಹಾಗಿದ್ದಮೇಲೆ ಬಸ್ಸಲ್ಲಿ ನಮ್ಮ ಹೆಣ್ಣುಮಕ್ಕಳು ಎಷ್ಟು ಜನ ಕೂತಿದ್ರು ಅಂತ ಲೆಕ್ಕ ಹಾಕಿದವರು ಯಾರು? 7(ಡಿ) ಸತ್ತರೂ ಅದರ "ಭಾವಿಸೋ" ಬುದ್ಧಿ ಸತ್ತಿಲ್ಲ.

ಇನ್ನೊಂದು ಮಾತು ಬರುತ್ತೆ: "ಹೇಗೂ ನಿಮ್ಮ ಹಣ ಮಾರ್ಚ್‌ನಲ್ಲಿ ಖರ್ಚಾಗದೆ ಉಳಿಯುತ್ತಲ್ರೀ." ಉಳಿಸೋರು ಯಾರು? ಸಕಾಲಕ್ಕೆ ಕ್ರಿಯಾಯೋಜನೆ ಮಾಡದ, ಹಣ ಬಿಡುಗಡೆ ಮಾಡದ ಇಲಾಖೆಗಳು. ಹಾಸ್ಟೆಲ್ ಸೀಟಿಗೆ ಮಕ್ಕಳು ಅಲೆಯೋದು ನಿಂತಿದೆಯಾ? ಭೂ ಒಡೆತನ ಯೋಜನೆಗೆ ಅರ್ಜಿ ಹಾಕಿದವರಿಗೆಲ್ಲ ಜಮೀನು ಸಿಕ್ಕಿದೆಯಾ? ಬೇಡಿಕೆ ಬಾಗಿಲಲ್ಲಿ ನಿಂತಿದೆ, ಬಾಗಿಲು ತೆಗೆಯೋರು ಇಲ್ಲ. ಅಡುಗೆಯವನು ಬಡಿಸದೆ ಅನ್ನ ಉಳಿದರೆ ಉಣ್ಣೋಕೆ ಕೂತವನಿಗೆ ಹಸಿವಿಲ್ಲ ಅಂತ ಬರೀತೀರಾ?

ಕೆ.ಟಿ. ಶಾ ಅವರ ಚೆಕ್ಕಿನ ಮಾತು ನೆನಪಾಗುತ್ತೆ. ನಮ್ಮ ಚೆಕ್ಕು ಬೌನ್ಸ್ ಆಗಿಲ್ಲ ಸ್ವಾಮಿ, ಪಾಸಾಗಿದೆ. ಆ ದುಡ್ಡಲ್ಲಿ ಸರ್ಕಾರ ತನ್ನ ಬಿಲ್ ಕಟ್ಟಿಕೊಂಡಿದೆ.

ಹಾಗಾಗಿ ನಮ್ಮ ಹಕ್ಕೊತ್ತಾಯ ಇಷ್ಟು:

1. ಐದೂ ಗ್ಯಾರಂಟಿಗಳ ಪೂರ್ತಿ ಖರ್ಚು, ಪರಿಶಿಷ್ಟ ಫಲಾನುಭವಿಗಳದ್ದೂ ಸೇರಿ, ಸಾಮಾನ್ಯ ಬಜೆಟ್ಟಿನಿಂದಲೇ ಹೋಗಬೇಕು. ಗ್ಯಾರಂಟಿ ನಿಲ್ಲಿಸಿ ಅಂತ ನಾವು ಹೇಳ್ತಿಲ್ಲ.

2. 7(ಸಿ) ರದ್ದಾಗಬೇಕು. ಇಲ್ಲವೇ ಎಲ್ಲರಿಗೂ ಸಮಾನವಾಗಿ ಕೊಡುವ ಯೋಜನೆಯನ್ನು ಉಪಯೋಜನೆಯಲ್ಲಿ ತೋರಿಸುವಂತಿಲ್ಲ ಅಂತ ತಿದ್ದುಪಡಿ ಬರಬೇಕು.

3. ಎರಡು ವರ್ಷ ಗ್ಯಾರಂಟಿಗೆ ತೋರಿಸಿದ ಹಣವನ್ನು ಉಪಯೋಜನೆಗೆ ವಾಪಸ್ ತುಂಬಿಕೊಡಬೇಕು. ಅದರಲ್ಲಿ ಮೊದಲ ಆದ್ಯತೆ ಹಾಸ್ಟೆಲ್, ವಿದ್ಯಾರ್ಥಿವೇತನ ಮತ್ತು ಭೂಮಿಗೆ.

4. ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಅಭಿವೃದ್ಧಿ ಪರಿಷತ್ತಿನ ಸಭಾ ನಡಾವಳಿ ಮತ್ತು ತಾಲ್ಲೂಕುವಾರು ಖರ್ಚಿನ ಪಟ್ಟಿ ಸಾರ್ವಜನಿಕವಾಗಬೇಕು.

ಒತ್ತಾಯ ಸರ್ಕಾರಕ್ಕೆ, ಕೆಲಸ ನಮಗೆ. ಬಜೆಟ್ ಪುಸ್ತಕದಲ್ಲಿ 422 ಅಂದರೆ ಪರಿಶಿಷ್ಟ ಜಾತಿಯ, 423 ಅಂದರೆ ಪಂಗಡದ ಉಪಯೋಜನೆಯ ಲೆಕ್ಕ ಶೀರ್ಷಿಕೆ. ಈ ಎರಡು ನಂಬರ್ ಬರೆದಿಟ್ಕೊಳ್ಳಿ. ನಿಮ್ಮ ತಾಲ್ಲೂಕಿನ ಒಂದೊಂದು ಇಲಾಖೆಗೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಕಳೆದ ಎರಡು ವರ್ಷ ಈ ಶೀರ್ಷಿಕೆಗಳಲ್ಲಿ ಎಷ್ಟು ಬಂತು, ಯಾವ ಕೇರಿಯಲ್ಲಿ ಯಾವ ಕೆಲಸಕ್ಕೆ ಹೋಯ್ತು, ಎಷ್ಟು ಉಳಿಯಿತು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಬಂದ ಉತ್ತರವನ್ನು ಕೇರಿಯ ಅಂಬೇಡ್ಕರ್ ಭವನದಲ್ಲಿ ಓದಿ ಹೇಳಿ. ಏಪ್ರಿಲ್ 14ರ ವೇದಿಕೆಗೆ ಬರುವ ಶಾಸಕರು ಹಾರ ಹಾಕಿ ಭಾಷಣ ಶುರುಮಾಡೋ ಮುಂಚೆ ಆ ಹಾಳೆ ಅವರ ಕೈಗೆ ಕೊಡಿ.

ಮತದಾರರ ಮುಂದೆ ಉತ್ತರ ಕೊಡಬೇಕಾಗುತ್ತೆ ಅಂತ ಬಾಬಾಸಾಹೇಬರು ಹೇಳಿದ್ದು ನಮ್ಮನ್ನು ನಂಬಿ. ಪ್ರಶ್ನೆಪತ್ರಿಕೆ ನಾವು ರೆಡಿ ಮಾಡೋಣ.

ಶೇರ್ ಮಾಡಿ. ನಿಮ್ಮ ತಾಲ್ಲೂಕಿನ ಉತ್ತರ ಬಂದಾಗ ಕೆಳಗೆ ಹಾಕಿ.

ಜೈ ಭೀಮ್. ಜೈ ಸಂವಿಧಾನ.